ಹಚ್ಚೆಯ ಸೂಜಿಯನ್ನು ಯಾರೂ ಕೇಳಲಿಲ್ಲ

ಪೇಟೆಯಲ್ಲಿ ಗೂಡಂಗಡಿ ಇಟ್ಟು ಚಹಾ-ಬನ್ಸ್ ಮಾರಬೇಕಾದರೆ ಆಹಾರ ಸುರಕ್ಷತಾ ಕಾಯ್ದೆಯಡಿ ಹೆಸರು ನೋಂದಾಯಿಸಬೇಕು. ಮೆಡಿಕಲ್ ಶಾಪ್ ಇಡಬೇಕಾದರೆ ಫಾರ್ಮಸಿ ಓದಿದವರೊಬ್ಬರು ಇರಬೇಕು. ಸಣ್ಣ ಕ್ಲಿನಿಕ್ ತೆರೆದರೂ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿ ಆಗಲೇಬೇಕು. ಆದರೆ ಒಬ್ಬರ ಚರ್ಮಕ್ಕೆ ನಿಮಿಷಕ್ಕೆ ಸಾವಿರಾರು ಸಲ ಸೂಜಿ ಚುಚ್ಚಿ, ಒಳಗೆ ಬಣ್ಣ ತುಂಬಿಸಿ, ದುಡ್ಡು ತೆಗೆದುಕೊಂಡು ಕಳುಹಿಸಲು ಏನು ಬೇಕು? ಬಟ್ಟೆ ಅಂಗಡಿಗೂ ಕೊಡುವ ಅದೇ ಟ್ರೇಡ್ ಲೈಸೆನ್ಸ್. ಅಷ್ಟೇ! ಸೂಜಿ ಹೇಗಿರಬೇಕು, ಬಣ್ಣದಲ್ಲಿ ಏನಿರಬಾರದು, ಚುಚ್ಚುವವರಿಗೆ ಏನು ಗೊತ್ತಿರಬೇಕು ಅಂತ ಹೇಳುವ, ಹಚ್ಚೆಗೆಂದೇ ಮಾಡಿದ ಕೇಂದ್ರ ಕಾನೂನು ನಮ್ಮಲ್ಲಿಲ್ಲ.

ಇದೆಲ್ಲ ಬೆಂಗಳೂರಿನ ಮಾಲುಗಳ ವಿಷಯ, ನಮ್ಮ ಕಡಬಕ್ಕೂ ಇದಕ್ಕೂ ಏನು ಸಂಬಂಧ ಮಾರಾಯ ಅಂತ ನೀವು ಕೇಳಬಹುದು. ಸಂಬಂಧ ಉಂಟು. ಪುತ್ತೂರು, ಸುಳ್ಯ, ಕಡಬದ ಕಡೆಯ ಹುಡುಗರ ತೋಳುಗಳನ್ನು ಸುಮ್ಮನೆ ಒಮ್ಮೆ ಗಮನಿಸಿ. 2022ರಲ್ಲಿ ‘ಕಾಂತಾರ’ ಬಂದ ಮೇಲಂತೂ ಪಂಜುರ್ಲಿಯ ಮುಖ, ತುಳು ಲಿಪಿಯಲ್ಲಿ ಅಮ್ಮನ ಹೆಸರು, ಹೀಗೆ ತರತರದ ಚಿತ್ರಗಳು. ಪೇಟೆಯ ಸ್ಟುಡಿಯೋಗೆ ಹೋಗಲು ದುಡ್ಡಿಲ್ಲದವರಿಗೆ ಜಾತ್ರೆ ಇದ್ದೇ ಇದೆ. ಏಪ್ರಿಲ್‌ನ ಪುತ್ತೂರು ಜಾತ್ರೆಯಿರಲಿ, ಕುಕ್ಕೆಯ ಚಂಪಾಷಷ್ಠಿಯಿರಲಿ, ಬಳೆ ಅಂಗಡಿ, ಚರುಮುರಿ ಗಾಡಿಗಳ ಸಾಲಿನಲ್ಲಿ ಬ್ಯಾಟರಿ ಮಿಷನ್ ಮತ್ತು ಚಿತ್ರಗಳ ಬೋರ್ಡು ಇಟ್ಟುಕೊಂಡು ಕೂತವರನ್ನು ನೀವೂ ನೋಡಿರುತ್ತೀರಿ. ಒಂದು ಕೈ ಮುಗಿದ ಮೇಲೆ ಸೂಜಿಯನ್ನು ಬಟ್ಟೆಯಲ್ಲಿ ಒರೆಸಿ ಮುಂದಿನ ಕೈಗೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಹಚ್ಚೆಗೆ, ಕಿವಿ ಚುಚ್ಚುವುದಕ್ಕೆ ಯಾವತ್ತೂ ನಿಯಮವೇ ಇರಲಿಲ್ಲವೇ? ಈ ಕುತೂಹಲದಿಂದ ಹುಡುಕುತ್ತಾ ಹೋದೆ. ಇತ್ತು ಸ್ವಾಮಿ, ಬೇಕಾದಷ್ಟು ಇತ್ತು! ಆದರೆ ಆ ನಿಯಮಗಳು ಯಾರನ್ನು ಹಿಡಿದವು, ಯಾವುದನ್ನು ಬಿಟ್ಟವು ಎಂಬುದೇ ಸ್ವಾರಸ್ಯ.

*

ಮೊದಲು ಕಿವಿಯ ವಿಷಯ. ತುಳುವಿನಲ್ಲಿ ‘ಕೆಬಿ ಕುತ್ತುನಿ’ ಅನ್ನುವ ಕೆಲಸಕ್ಕೆ ಸಂಸ್ಕೃತದ ದೊಡ್ಡ ಹೆಸರು ಕರ್ಣವೇಧ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಇಡೀ ಅಧ್ಯಾಯ, ಹದಿನಾರನೆಯದು, ಕಿವಿ ಚುಚ್ಚುವುದರ ಮತ್ತು ಹರಿದ ಕಿವಿಯನ್ನು ಜೋಡಿಸುವುದರ ಬಗ್ಗೆ ಇದೆ. ಮಗುವಿಗೆ ಆರನೇ ಅಥವಾ ಏಳನೇ ತಿಂಗಳಿರಬೇಕು. ದಾದಿಯ ತೊಡೆಯ ಮೇಲೆ ಕೂರಿಸಿ, ಆಟಿಕೆ ತೋರಿಸಿ ಪುಸಲಾಯಿಸಬೇಕು. ವೈದ್ಯ ಎಡಗೈಯಿಂದ ಕಿವಿಯನ್ನು ಎಳೆದು ಹಿಡಿದು, ಬಿಸಿಲಿನ ಬೆಳಕು ಹಾದು ಕಾಣುವ ತೆಳು ಜಾಗವನ್ನು ಹುಡುಕಿ, ನೇರವಾಗಿ ಚುಚ್ಚಬೇಕು. ಗಂಡುಮಗುವಿಗೆ ಬಲಗಿವಿ ಮೊದಲು, ಹೆಣ್ಣುಮಗುವಿಗೆ ಎಡಗಿವಿ. ಆಮೇಲೆ ಹತ್ತಿಯ ಬತ್ತಿ ಸೇರಿಸಿ ಎಣ್ಣೆ ಹನಿಸಬೇಕು. ಮೂರು ದಿನಕ್ಕೊಮ್ಮೆ ಸ್ವಲ್ಪ ದಪ್ಪದ ಬತ್ತಿ ಹಾಕುತ್ತಾ ಹೋಗಬೇಕು.

ಇಷ್ಟೇ ಆಗಿದ್ದರೆ ನಾನು ಇದನ್ನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ, ಇದು ಎಲ್ಲೆಲ್ಲಿ ಕೆಡಬಹುದು ಎಂಬ ಪಟ್ಟಿಯ ಸಮೇತ ಬರೆದ ಡಾಕ್ಯುಮೆಂಟ್! ತಪ್ಪು ಜಾಗಕ್ಕೆ ಚುಚ್ಚಿದರೆ ರಕ್ತ ಹರಿಯುತ್ತದೆ, ನೋವಾಗುತ್ತದೆ. ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಮೂರು ನಾಳಗಳಿಗೆ ಪೆಟ್ಟಾದರೆ ಯಾವುದರಿಂದ ಜ್ವರ, ಯಾವುದರಿಂದ ಗಂಟು, ಯಾವುದರಿಂದ ಕತ್ತು ಸೆಟೆದುಕೊಳ್ಳುವುದು ಎಂದು ಬೇರೆ ಬೇರೆ ಹೇಳಿದೆ. ಕತ್ತು ಸೆಟೆಯುವ, ಮೈ ಬಿಲ್ಲಾಗುವ ಆ ಲಕ್ಷಣಗಳನ್ನು ಓದಿದರೆ ಈಗಿನವರಿಗೆ ಧನುರ್ವಾಯು ನೆನಪಾಗುತ್ತದೆ. ಇವಕ್ಕೆಲ್ಲ ಕಾರಣ ಏನೆಂದರೆ ಕೆಟ್ಟ ಸೂಜಿ, ಸೊಟ್ಟ ಸೂಜಿ, ಅತಿ ಬಿಗಿಯಾದ ಬತ್ತಿ. ಹಾಗಾದಾಗ ಬತ್ತಿಯನ್ನು ಕೂಡಲೇ ತೆಗೆದು ಏನು ಲೇಪ ಹಚ್ಚಬೇಕು ಎಂಬುದೂ ಉಂಟು. ಅಂದರೆ ಸುಶ್ರುತ ಮೊದಲು ಕೇಳಿದ್ದೇ ಸೂಜಿ ಹೇಗಿದೆ ಅಂತ. ಈ ಒಂದು ಅಂಶ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮೂರಿನಲ್ಲಿ ಈ ಕೆಲಸ ವೈದ್ಯರ ಕೈಯಿಂದ ಅಕ್ಕಸಾಲಿಗಳ ಕೈಗೆ ಯಾವಾಗಲೋ ಬಂದಾಗಿತ್ತು. ಆಚಾರಿಯವರು ಚಿನ್ನದ ಸಣ್ಣ ತಂತಿಯನ್ನು ಚೂಪು ಮಾಡಿ ಕಿವಿಗೆ ಹಾಯಿಸಿ, ಅದನ್ನೇ ಬಗ್ಗಿಸಿ ಬಳೆ ಮಾಡಿಬಿಡುತ್ತಿದ್ದರು. ಇದರಲ್ಲೊಂದು ಅನುಕೂಲ ನೋಡಿ. ಚುಚ್ಚಿದ ತಂತಿ ಅದೇ ಕಿವಿಯಲ್ಲಿ ಉಳಿಯುತ್ತಿತ್ತು, ಇನ್ನೊಬ್ಬರ ಕಿವಿಗೆ ಹೋಗುತ್ತಿರಲಿಲ್ಲ! ಕಿವಿಯ ಹಾಲೆಗೆ ಮಾತ್ರವಲ್ಲ, ಮೇಲಂಚಿಗೂ ಚುಚ್ಚಿಸುವುದು ನಮ್ಮ ಕಡೆ ಮಾಮೂಲಿ. ಅಜ್ಜಿಯಂದಿರ ಬುಗುಡಿ, ಬ್ಯಾರಿ ಸಮುದಾಯದ ಹಿರಿಯ ಹೆಂಗಸರ ಕಿವಿಯಂಚಿನುದ್ದಕ್ಕೂ ಸಾಲಾಗಿ ಇರುತ್ತಿದ್ದ ಅಲಿಕತ್ತು, ಕೇರಳದಿಂದ ಬಂದು ಕಡಬದ ಸುತ್ತ ನೆಲೆಸಿದ ಸಿರಿಯನ್ ಕ್ರೈಸ್ತರ ಹಿಂದಿನ ತಲೆಮಾರಿನ ಕುಣುಕ್ಕು... ಜಾತಿ, ಮತ ಯಾವುದಾದರೂ ಕಿವಿಯಲ್ಲಿ ತೂತು ಇರಲೇಬೇಕಿತ್ತು.

ಮೇಲಂಚಿನದು ಮೂಳೆಯಷ್ಟು ಗಟ್ಟಿಯಲ್ಲದ ಮೃದ್ವಸ್ಥಿ. ಅಲ್ಲಿ ರಕ್ತದ ಓಡಾಟ ಕಮ್ಮಿ, ಕೀವಾದರೆ ವಾಸಿಯಾಗುವುದು ಕಷ್ಟ, ಕಿವಿಯ ಆಕಾರವೇ ಮುದುಡಿ ಹೋಗಬಹುದು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2000ನೇ ಇಸವಿಯಲ್ಲಿ ಒಂದು ಒಡವೆ ಅಂಗಡಿಯಲ್ಲಿ ಮೇಲಂಚಿಗೆ ಚುಚ್ಚಿಸಿಕೊಂಡ ಏಳು ಜನರಿಗೆ ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಖಚಿತವಾಯಿತು. ಹುಡುಕಿ ನೋಡಿದರೆ ಬ್ಯಾಕ್ಟೀರಿಯಾ ಸಿಕ್ಕಿದ್ದು ಎಲ್ಲಿ ಗೊತ್ತೇ? ಕ್ರಿಮಿ ಕೊಲ್ಲಲೆಂದು ಇಟ್ಟಿದ್ದ ದ್ರಾವಣದ ಬಾಟಲಿಯಲ್ಲೇ! ಈಗ ಒಡವೆ ಅಂಗಡಿಗಳಲ್ಲಿ ‘ಟಕ್’ ಅನ್ನಿಸುವ ಗನ್ ಬಂದಿದೆ. ಅವುಗಳಲ್ಲಿ ಹಲವು ಪ್ಲಾಸ್ಟಿಕ್ಕಿನವು, ಆಸ್ಪತ್ರೆಯ ಹಾಗೆ ಹಬೆಯ ಒತ್ತಡದಲ್ಲಿ ಬೇಯಿಸಿ ಶುದ್ಧ ಮಾಡಲು ಆಗುವುದಿಲ್ಲ. ಹಳೆಯ ಚಿನ್ನದ ತಂತಿಯೇ ವಾಸಿಯಿತ್ತೇನೋ ಅನ್ನಿಸುತ್ತದೆ.

*

ಇನ್ನು ಹಚ್ಚೆ. ನನ್ನ ಅಜ್ಜಿಯ ಮುಂಗೈಯಲ್ಲಿ ಹಸಿರು ಬಣ್ಣಕ್ಕೆ ತಿರುಗಿದ ಒಂದು ತುಳಸಿಕಟ್ಟೆ, ಸುತ್ತ ನಾಲ್ಕು ಚುಕ್ಕಿ ಇತ್ತು. ಕೇಳಿದರೆ, “ಚಿನ್ನ, ಸೀರೆ ಎಲ್ಲ ಇಲ್ಲಿಯೇ ಬಿಟ್ಟು ಹೋಗುವುದು ಮಗಾ, ಸಾಯುವಾಗ ಜೊತೆಗೆ ಬರುವುದು ಇದೊಂದೇ” ಅನ್ನುತ್ತಿದ್ದರು. ಕರ್ನಾಟಕದ ಯಾವ ಮೂಲೆಗೆ ಹೋದರೂ ಹಳಬರು ಇದನ್ನೇ ಹೇಳುತ್ತಾರೆ.

ಈ ಹಚ್ಚೆ ಹೊಯ್ಯುತ್ತಿದ್ದವರು ಹೆಚ್ಚಾಗಿ ಕೊರವ ಹೆಂಗಸರು. ಕೊರಚ, ಕೊರಮ ಎಂದೂ ಕರೆಯುತ್ತಾರೆ. (ನಮ್ಮ ಕರಾವಳಿಯ ಕೊರಗರು ಬೇರೆ, ಇವರು ಬೇರೆ. ಹೆಸರು ಹತ್ತಿರವಿದೆ ಎಂದು ಗೊಂದಲ ಬೇಡ.) ಬುಟ್ಟಿ ಹೆಣೆಯುವುದು, ಉಪ್ಪು ಸಾಗಿಸುವುದು, ಕಣಿ ಹೇಳುವುದು, ಹಚ್ಚೆ ಹೊಯ್ಯುವುದು ಇವರ ಕಸುಬು. ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ಎಂಬ ಇಂಗ್ಲಿಷಿನವರು ತಮಿಳು ಸೀಮೆಯ ಕೊರವ ಹೆಂಗಸರ ಹಚ್ಚೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ಅರಿಶಿನದ ಪುಡಿ ಮತ್ತು ಅಗಸೆ ಮರದ ಸೊಪ್ಪನ್ನು ಅರೆದು, ತೆಳು ಬಟ್ಟೆಗೆ ಹಚ್ಚಿ, ಸುತ್ತಿ ಬತ್ತಿ ಮಾಡಬೇಕು. ಅದನ್ನು ಹರಳೆಣ್ಣೆಯ ದೀಪದಲ್ಲಿ ಉರಿಸಿ, ಮೇಲೆ ಹೊಸ ಮಡಕೆ ಕವುಚಿ, ಅಂಟಿಕೊಂಡ ಕಾಡಿಗೆಯನ್ನು ಕೆರೆದು ಎದೆಹಾಲಿನಲ್ಲೋ ನೀರಿನಲ್ಲೋ ಕಲಸಬೇಕು. ಕೆಲವು ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚಬೇಕು. ಒಂದು ಚುಕ್ಕಿಗೆ ಕಾಲಾಣೆ, ದೊಡ್ಡ ಚಿತ್ರಕ್ಕೆ ಹನ್ನೆರಡಾಣೆ. ಹಳ್ಳಿಗಳಲ್ಲಿ ಅಕ್ಕಿ ಕೊಟ್ಟರೂ ನಡೆಯುತ್ತಿತ್ತು. ನೋವು ಮರೆಸಲು ಹಾಡು ಬೇರೆ!

ನಮ್ಮ ದಕ್ಷಿಣ ಕನ್ನಡವೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸಿಗೇ ಸೇರಿದ್ದ ಜಿಲ್ಲೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಕೈಗೆ ಬಂದಿದ್ದು. ಹಾಗಾಗಿ ಹಚ್ಚೆ ಮತ್ತು ಸರ್ಕಾರದ ಸಂಬಂಧ ತಿಳಿಯಬೇಕಾದರೆ ಕಂಪನಿಯ ಕಾನೂನುಗಳನ್ನೇ ನೋಡಬೇಕು.

ಅಲ್ಲಿ ಮೊದಲು ಸಿಗುವುದು ಬಂಗಾಳದ 1797ರ ರೆಗ್ಯುಲೇಷನ್. ಅದು ಹಚ್ಚೆಯನ್ನು ನಿಯಂತ್ರಿಸಲು ಬಂದದ್ದಲ್ಲ, ಸರ್ಕಾರವೇ ಹಚ್ಚೆ ಹಾಕಲು ಬಂದದ್ದು! ಜೀವಾವಧಿ ಶಿಕ್ಷೆಯಾದವನ ಹಣೆಯ ಮೇಲೆ ಅವನ ಹೆಸರು, ಮಾಡಿದ ಅಪರಾಧ, ಶಿಕ್ಷೆಯಾದ ದಿನ ಎಲ್ಲವನ್ನೂ ಚುಚ್ಚಿ ಬರೆಯಬೇಕೆಂದು ಆದೇಶ. ಇದಕ್ಕೆ ಅಲ್ಲಿ ‘ಗೋದ್ನಾ’ ಎನ್ನುತ್ತಿದ್ದರು. ಮದ್ರಾಸ್ ಪ್ರೆಸಿಡೆನ್ಸಿಯಲ್ಲೂ ಈ ಶಿಕ್ಷೆ ಇತ್ತು. ಕೈದಿಗಳು ಮುಂಡಾಸನ್ನು ಹುಬ್ಬಿನ ತನಕ ಇಳಿಸಿ ಕಟ್ಟಿಕೊಳ್ಳುತ್ತಿದ್ದರು. 1849ರಲ್ಲಿ ಕಾಯ್ದೆ ಮಾಡಿ ಇದನ್ನು ನಿಲ್ಲಿಸಲಾಯಿತು. ಹೆಂಗಸರು ಸ್ವರ್ಗಕ್ಕೆ ಒಯ್ಯುತ್ತೇವೆಂದು ಪ್ರೀತಿಯಿಂದ ಹಾಕಿಸಿಕೊಳ್ಳುತ್ತಿದ್ದ ಗುರುತು, ಐವತ್ತು ವರ್ಷ ಸರ್ಕಾರದ ಕೈಯಲ್ಲಿ ಅವಮಾನದ ಗುರುತಾಗಿತ್ತು.

ಎರಡನೆಯದು ಇನ್ನೂ ಕ್ರೂರ. 1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ, 1911ರಲ್ಲಿ ಹೊಸ ರೂಪ ಪಡೆದು ಮದ್ರಾಸಿಗೂ ಬಂತು. ಕೊರವರ ಹಲವು ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಪಟ್ಟಿ ಮಾಡಿದರು. ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಹೇಳಿದ ಹೊತ್ತಿಗೆ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಪಾಸು ಬೇಕು. ಊರೂರು ತಿರುಗುವುದೇ ಕಸುಬಾಗಿರುವ ಹಚ್ಚೆಯವಳಿಗೆ ಊರು ಬಿಡಲು ಪಾಸು! ಸ್ವಾತಂತ್ರ್ಯ ಬಂದ ಮೇಲೆ, 1952ರ ಆಗಸ್ಟ್ 31ರಂದು ಈ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಆದರೆ ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮ ರಾಜ್ಯದ್ದು 1961ರದು.

ಗಮನಿಸಿದಿರಾ? ಒಂದು ಕಾನೂನು ಹಚ್ಚೆಯನ್ನು ಶಿಕ್ಷೆ ಮಾಡಿತು. ಇನ್ನೊಂದು ಹಚ್ಚೆ ಹಾಕುವವರನ್ನೇ ಕಳ್ಳರೆಂದಿತು. ಎರಡೂ ಸೇರಿ ನೂರೈವತ್ತು ವರ್ಷಗಳ ಲೆಕ್ಕ. ಇಷ್ಟರಲ್ಲಿ ಒಮ್ಮೆಯಾದರೂ ಯಾರಾದರೂ “ಅಮ್ಮಾ, ಆ ಸೂಜಿಯನ್ನು ಬಿಸಿನೀರಲ್ಲಿ ಕುದಿಸಿದ್ದೀಯಾ?” ಅಂತ ಕೇಳುವ ಕಾನೂನು ಮಾಡಿದ್ದುಂಟೇ? ಇಲ್ಲ.

*

ಬೇರೆ ದೇಶದವರು ಏನು ಮಾಡಿದರು ಎಂದು ಸ್ವಲ್ಪ ನೋಡೋಣ. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒರೈಲಿ ಎಂಬಾತ ಎಡಿಸನ್ನನ ವಿದ್ಯುತ್ ಪೆನ್ನಿನ ತತ್ವವನ್ನು ಹಿಡಿದು ಹಚ್ಚೆಯ ಮಿಷನ್ನಿಗೆ ಪೇಟೆಂಟ್ ಪಡೆದ. ಈಗ ಜಾತ್ರೆಯಲ್ಲಿ ಗುಂಯ್ ಅನ್ನುವ ಮಿಷನ್ನಿನ ಅಜ್ಜ ಅದು. ಅದೇ ನ್ಯೂಯಾರ್ಕ್ ನಗರ 1961ರಲ್ಲಿ ಹೆಪಟೈಟಿಸ್ ಬಿ ಹರಡುತ್ತದೆಂದು ಹಚ್ಚೆಯನ್ನೇ ನಿಷೇಧಿಸಿತು. ನಿಂತಿತೇ? ಮನೆಗಳ ಒಳಗೆ, ಬಾಗಿಲು ಹಾಕಿಕೊಂಡು ನಡೆಯಿತು. ಕದ್ದು ನಡೆಯುವ ಜಾಗದ ಸೂಜಿಯನ್ನು ಪರೀಕ್ಷಿಸುವವರು ಯಾರು? 36 ವರ್ಷದ ನಂತರ, 1997ರಲ್ಲಿ ನಿಷೇಧ ತೆಗೆದು ಲೈಸೆನ್ಸ್ ಪದ್ಧತಿಗೆ ಬಂದರು. ಜಪಾನಿನಲ್ಲೂ ಅದೇ ಕತೆ. 1872ರಲ್ಲಿ ನಿಷೇಧ, 1948ರಲ್ಲಿ ತೆರವು. ಆಮೇಲೆ ಹಚ್ಚೆ ಹಾಕಲು ವೈದ್ಯರ ಲೈಸೆನ್ಸ್ ಬೇಕೆಂಬ ವಾದ ಬಂದು, 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬೇಡ ಎಂದಿತು. ದಕ್ಷಿಣ ಕೊರಿಯಾದಲ್ಲಿ 1992ರ ತೀರ್ಪಿನಿಂದಾಗಿ ವೈದ್ಯರು ಮಾತ್ರ ಹಚ್ಚೆ ಹಾಕಬಹುದಿತ್ತು. ಆದರೂ ಹಾಕುತ್ತಿದ್ದವರೆಲ್ಲ ಬೇರೆಯವರೇ. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಹಚ್ಚೆಯವರಿಗೇ ಪರೀಕ್ಷೆ, ಲೈಸೆನ್ಸ್ ಕೊಡುವ ಕಾನೂನನ್ನು ಪಾಸು ಮಾಡಿದರು, ಜಾರಿಗೆ ಎರಡು ವರ್ಷದ ಗಡುವು. ಬ್ರಿಟನ್ 1969ರಲ್ಲೇ ಹದಿನೆಂಟು ತುಂಬದವರಿಗೆ ಹಚ್ಚೆ ಹಾಕುವುದನ್ನು ಅಪರಾಧ ಮಾಡಿತ್ತು.

ಬಣ್ಣದ ವಿಷಯದಲ್ಲಿ ಯುರೋಪಿನವರು ಮುಂದಿದ್ದಾರೆ. 2022ರ ಜನವರಿಯಿಂದ ಹಚ್ಚೆಯ ಶಾಯಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿಗೆ ನಿರ್ಬಂಧ ಹಾಕಿದರು. ಯಾಕೆಂದರೆ ಶಾಯಿ ಚರ್ಮದಲ್ಲೇ ಇರುತ್ತದೆ ಅಂದುಕೊಂಡರೆ ತಪ್ಪು. ಅದರ ಸಣ್ಣ ಸಣ್ಣ ಕಣಗಳು ದುಗ್ಧಗ್ರಂಥಿಗಳ ತನಕ ಹೋಗಿ ಕೂರುತ್ತವೆ ಎಂಬುದನ್ನು 2017ರಲ್ಲಿ ಯುರೋಪಿನ ವಿಜ್ಞಾನಿಗಳು ಎಕ್ಸ್-ರೇ ಬಳಸಿ ತೋರಿಸಿದ್ದಾರೆ.

ನಮ್ಮಲ್ಲಿ? 1940ರ ಔಷಧ ಕಾಯ್ದೆಗೆ 1962ರಲ್ಲಿ ಸೌಂದರ್ಯವರ್ಧಕಗಳನ್ನೂ ಸೇರಿಸಿದರು. ಅದರ ವ್ಯಾಖ್ಯೆ ಓದಿದರೆ ಆಶ್ಚರ್ಯವಾಗುತ್ತದೆ. ಚಂದಕ್ಕಾಗಿ ಮೈಗೆ ತಿಕ್ಕುವುದು, ಸುರಿಯುವುದು, ಚಿಮುಕಿಸುವುದು ಮಾತ್ರವಲ್ಲ, ಮೈಯ ಒಳಕ್ಕೆ ಸೇರಿಸುವುದೂ ಅದರಲ್ಲಿದೆ. ಹಚ್ಚೆಯ ಶಾಯಿಗೆ ಇದಕ್ಕಿಂತ ಸರಿಹೊಂದುವ ಮಾತು ಬೇಕೇ? ಬಾಗಿಲು ತೆರೆದೇ ಇತ್ತು, ಒಳಗೆ ಹೋದವರಿಲ್ಲ. 2025ರ ಆರಂಭದಲ್ಲಿ ನಮ್ಮ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ರಾಜ್ಯದಲ್ಲಿ ಪರೀಕ್ಷಿಸಿದ ಹಚ್ಚೆಯ ಶಾಯಿಯಲ್ಲಿ ಸೆಲೆನಿಯಂ, ಕ್ರೋಮಿಯಂ, ಪ್ಲಾಟಿನಂ, ಆರ್ಸೆನಿಕ್ ಸೇರಿ 22 ಬಗೆಯ ಲೋಹಗಳು ಸಿಕ್ಕಿವೆ ಎಂದರು. ಶಾಯಿಗೆ ಬಿಐಎಸ್ ಮಾನದಂಡ ತರುವಂತೆ ಕೇಂದ್ರಕ್ಕೆ ಬರೆಯುವುದಾಗಿಯೂ ಹೇಳಿದರು. ಆರ್ಸೆನಿಕ್ ಅಂದರೆ ನಮ್ಮ ಪಾಷಾಣ! ಇದಕ್ಕೆ ಸ್ವಲ್ಪ ಮೊದಲು, 2024ರ ಡಿಸೆಂಬರ್‌ನಲ್ಲಿ, ತಿರುಚಿರಾಪಳ್ಳಿಯ ಒಂದು ಹಚ್ಚೆ ಅಂಗಡಿಯಲ್ಲಿ ಹುಡುಗರ ನಾಲಿಗೆಯನ್ನು ಹಾವಿನ ನಾಲಿಗೆಯಂತೆ ಸೀಳುತ್ತಿದ್ದಾರೆಂದು ಪೊಲೀಸರು ಬಂಧಿಸಿ, ಅಂಗಡಿಗೆ ಬೀಗ ಹಾಕಿದ್ದರು. ಎಲ್ಲ ಆದ ಮೇಲೆ ಪೊಲೀಸರು ಬರುವುದು ನಿಯಂತ್ರಣ ಅಲ್ಲ.

ಇದು ಸುಮ್ಮನೆ ಹೆದರಿಸುವ ಮಾತೂ ಅಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ, ಮೈಯಿಂದ ಹೊರಗೆ, ಏಳು ದಿನ ಬದುಕಿರಬಲ್ಲದು. ಆಸ್ಪತ್ರೆಯ ಸಿಬ್ಬಂದಿಗೆ ಸೋಂಕಿತರ ಸೂಜಿ ಚುಚ್ಚಿದ ಪ್ರಕರಣಗಳ ಲೆಕ್ಕದಲ್ಲಿ, ಲಸಿಕೆ ಇಲ್ಲದವರಿಗೆ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಮೂರಾದರೆ, ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ ಮೂವತ್ತರ ತನಕ. (ಎಚ್‌ಐವಿಗೆ ಲಸಿಕೆಯೇ ಇಲ್ಲ, ಹೆಪಟೈಟಿಸ್ ಬಿಗೆ ಒಳ್ಳೆಯ ಲಸಿಕೆ ಉಂಟು.) ಈ ಲಸಿಕೆ ದೇಶದ ಎಲ್ಲ ಮಕ್ಕಳ ಪಟ್ಟಿಗೆ ಸೇರಿದ್ದು 2011ರಲ್ಲಿ. ಅಂದರೆ ಈಗ ಹಚ್ಚೆ ಹಾಕಿಸಿಕೊಳ್ಳುತ್ತಿರುವ ನನ್ನ ವಯಸ್ಸಿನವರಲ್ಲಿ ಎಷ್ಟೋ ಮಂದಿ ಆ ಲಸಿಕೆ ಇಲ್ಲದೆಯೇ ಬೆಳೆದವರು. ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷ ರಕ್ತ ತೆಗೆದುಕೊಳ್ಳಬಾರದು ಎಂದು 2017ರ ರಕ್ತದಾನಿಗಳ ಮಾರ್ಗಸೂಚಿ ಹೇಳಿತು. ರಕ್ತನಿಧಿಗೆ ಗೊತ್ತಿರುವ ಅಪಾಯ ಅಂಗಡಿಗೆ ಲೈಸೆನ್ಸ್ ಕೊಡುವವರಿಗೆ ಗೊತ್ತಿಲ್ಲವೇ?

*

ಹಾಗಾದರೆ ಕಾನೂನು ಬರಲಿ. ಆದರೆ ಎಂಥ ಕಾನೂನು? ಇಲ್ಲಿಯೇ ನನಗೆ ಹಳೆಯ ಇತಿಹಾಸದ ಹೆದರಿಕೆ.

ನಾಳೆ ದೊಡ್ಡ ಫೀಸು, ಹವಾನಿಯಂತ್ರಿತ ಕೋಣೆ, ಇಂಗ್ಲಿಷ್ ಸರ್ಟಿಫಿಕೇಟ್ ಬೇಕೆಂದು ನಿಯಮ ಬಂದರೆ ಏನಾಗುತ್ತದೆ ಹೇಳಿ. ಮಂಗಳೂರಿನ ಸ್ಟುಡಿಯೋ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತದೆ. ಜಾತ್ರೆಯ ಹಚ್ಚೆಯವಳನ್ನು ಪೊಲೀಸರು ಓಡಿಸುತ್ತಾರೆ. ಮುತ್ತಜ್ಜಿ ಪಾಸು ಹಿಡಿದು ತಿರುಗಿದ್ದಳು, ಮೊಮ್ಮಗಳು ಲೈಸೆನ್ಸ್ ಇಲ್ಲದೆ ಓಡುತ್ತಾಳೆ. ಅವಳ ಸೂಜಿ ಮಾತ್ರ ಹಾಗೆಯೇ ಇರುತ್ತದೆ, ಜಾತ್ರೆಯ ಬೆಳಕಿನಿಂದ ಕತ್ತಲ ಮೂಲೆಗೆ ಹೋಗುತ್ತದೆ ಅಷ್ಟೇ. ನ್ಯೂಯಾರ್ಕ್ ಇದನ್ನು 36 ವರ್ಷ ಮಾಡಿ ನೋಡಿದೆ.

ಅದರ ಬದಲು ನಿಯಮ ಸೂಜಿಗೆ ಮತ್ತು ಶಾಯಿಗೆ ಇರಲಿ. ಒಬ್ಬರಿಗೆ ಒಂದೇ ಸೂಜಿ, ಪ್ಯಾಕೆಟ್ಟನ್ನು ಗಿರಾಕಿಯ ಎದುರಲ್ಲೇ ಒಡೆಯಬೇಕು. ಶಾಯಿಯನ್ನು ಬಾಟಲಿಯಿಂದ ಚಿಕ್ಕ ಮುಚ್ಚಳಕ್ಕೆ ಬಗ್ಗಿಸಿಕೊಂಡು, ಉಳಿದದ್ದನ್ನು ಚೆಲ್ಲಬೇಕು. ಬಾಟಲಿಯ ಮೇಲೆ ಒಳಗೇನಿದೆ ಎಂದು ಬರೆದಿರಬೇಕು. ಹದಿನೆಂಟು ತುಂಬಿರಬೇಕು. ಬಳಸಿದ ಸೂಜಿ ಆಸ್ಪತ್ರೆಗಳಲ್ಲಿರುವಂಥ ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಹೋಗಬೇಕು. ಚುಚ್ಚುವವರಿಗೂ ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕು, ಯಾಕೆಂದರೆ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು ಅವರೇ. ಆಹಾರದ ವಿಷಯದಲ್ಲಿ ಸಣ್ಣವರಿಗೆ ಸುಲಭದ ನೋಂದಣಿ, ದೊಡ್ಡವರಿಗೆ ಲೈಸೆನ್ಸ್ ಅಂತ ಎರಡು ಮೆಟ್ಟಿಲು ಮಾಡಿದ್ದಾರಲ್ಲ, ಇಲ್ಲಿಯೂ ಹಾಗೆ ಮಾಡಲು ಏನು ಕಷ್ಟ? ಕಡಬ ಈಗ ತಾಲೂಕು ಕೇಂದ್ರ, ಪಟ್ಟಣ ಪಂಚಾಯತಿಯೂ ಆಗಿದೆ. ಜಾತ್ರೆಯ ಐಸ್‌ಕ್ರೀಮ್, ಕುಡಿಯುವ ನೀರು ನೋಡಲು ಬರುವ ಆರೋಗ್ಯ ಇಲಾಖೆಯವರು ಹಚ್ಚೆಯ ಚಾಪೆಯ ಹತ್ತಿರವೂ ಐದು ನಿಮಿಷ ನಿಂತು, ಹೇಗೆ ಮಾಡಬೇಕೆಂದು ತೋರಿಸಿಕೊಟ್ಟು, ಒಂದು ಡಬ್ಬ ಕೊಟ್ಟು ಹೋದರೆ ಅರ್ಧ ಕೆಲಸ ಮುಗಿಯಿತು.

ಕಾನೂನು ಬರುವಾಗ ಬರಲಿ. ಅಲ್ಲಿಯ ತನಕ ಹಚ್ಚೆ ಹಾಕಿಸಿಕೊಳ್ಳುವ ಆಸೆಯಿದ್ದರೆ ಹೊಸ ಸೂಜಿಯ ಪ್ಯಾಕೆಟ್ಟನ್ನು ನಿಮ್ಮ ಎದುರು ಒಡೆಯಲು ಹೇಳಿ, ಒಪ್ಪದಿದ್ದರೆ ಎದ್ದು ಬನ್ನಿ. ಮಗುವಿನ ಕಿವಿ ಚುಚ್ಚಿಸುವಾಗಲೂ ಅಷ್ಟೇ, ನಾಚಿಕೆ ಬೇಡ. ನಿಮ್ಮ ಮನೆಯಲ್ಲಿ ಹಚ್ಚೆ ಇರುವ ಅಜ್ಜಿ ಇದ್ದರೆ ಯಾರು ಹಾಕಿದ್ದು, ಏನು ಕೊಟ್ಟಿರಿ, ಯಾವ ಹಾಡು ಹೇಳಿದ್ದರು ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಆ ಹೆಂಗಸರ ಬೆರಳಚ್ಚನ್ನು ಸರ್ಕಾರ ಜೋಪಾನವಾಗಿ ದಾಖಲೆ ಮಾಡಿತ್ತು, ಅವರ ಕೆಲಸವನ್ನು ಬರೆದಿಟ್ಟವರು ಕಮ್ಮಿ.